ಎಡಗಿಸೆಯ ಚೀಟಿ

“ನಿಮಗ ಕನ್ನಡ ಬರ್ತೈತೇನ್ರಿ?”

ಇಟಗಿಯ ಮಹಾದೇವ ಗುಡಿಯ ನೆರಳಲ್ಲಿ ನಿಂತು ಶೇಖರಮ್ಮ ನನ್ನನ್ನು ಕೇಳಿದ ಮೊದಲ ಮಾತು ಇದು. ತಪ್ಪು ಅವಳದಲ್ಲ. ನನ್ನ ತಲೆಯ ಮೇಲೆ ಕೆಂಪು ತುರ್ಕಿ ಟೋಪಿ, ಮೈಮೇಲೆ ಶೇರವಾನಿ. ಬನ್ನಿಕೊಪ್ಪ ಸ್ಟೇಶನ್ನಿನಿಂದ ಒಬ್ಬನೇ ಬಿಸಿಲಲ್ಲಿ ನಡೆದು ಬಂದವನು, ಅವಳ ಕೈಯಲ್ಲಿ ತಂಬಿಗೆ ಕಂಡದ್ದೇ ತಡ, “ಪಾನಿ ಮಿಲೇಗಾ?” ಎಂದುಬಿಟ್ಟಿದ್ದೆ.

ಏಳನೇ ವಯಸ್ಸಿಗೇ ಹೈದರಾಬಾದಿನ ಮಾವನ ಮನೆ ಸೇರಿ, ಉರ್ದುವಿನಲ್ಲೇ ಓದಿದವನು ನಾನು. ಸಾವಿರದೊಂಬೈನೂರ ನಲವತ್ತೊಂದರ ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ.

“ಮನಿ ಮಾತು ಕನ್ನಡನ ಐತ್ರಿ. ಕೊಪ್ಪಳದ ದೇವೇಂದ್ರಪ್ಪ ನಾನು,” ಎಂದೆ.

ಅವಳು ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡು ನಕ್ಕಳು. ಕಣ್ಣು ಮಾತ್ರ ಸೆರಗಿನ ಮೇಲಿಂದ ಇನ್ನೂ ನಗುತ್ತಲೇ ಇತ್ತು. ನಾನು ಕೆಟ್ಟೆ.

ಅವಳು ಗದಗಿನವಳು. ಬೇಸಿಗೆಗೆಂದು ಇಟಗಿಯ ಸೋದರತ್ತೆ ಶಿವಬಸಮ್ಮನ ಮನೆಗೆ ಬಂದು, ಸೋಮವಾರಕ್ಕೊಮ್ಮೆ ಅವಳೊಡನೆ ಗುಡಿಗೆ ಬರುತ್ತಿದ್ದಳು. ಕನ್ನಡ ಸಾಲಿಯಲ್ಲಿ ಓದಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದಳು. ಗದಗಿನವರಿಗೆ ನಾವು ಮೊಗಲಾಯಿಯವರು, ಅಂದರೆ ನಿಜಾಮನ ಸೀಮೆಯವರು, ಅತ್ತ ತುರ್ಕರೂ ಅಲ್ಲದ ಇತ್ತ ನೆಟ್ಟಗೆ ಕನ್ನಡದವರೂ ಅಲ್ಲದ ಜನ. ಹೈದರಾಬಾದಿನಲ್ಲಿ ಕನ್ನಡದವನೆಂದು ನಗುತ್ತಿದ್ದರು, ಇಲ್ಲಿ ಉರ್ದುವಿನವನೆಂದು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಮುಂದಿನ ಸೋಮವಾರ ಮತ್ತೆ ಹೋದೆ. ಅದರ ಮುಂದಿನ ಸೋಮವಾರವೂ ಹೋದೆ. ಅದೇ ಕಲ್ಲುಗಳನ್ನು ಎಷ್ಟು ಸಲ ನೋಡುತ್ತೀ ಎಂದು ಅವ್ವ ಕೇಳಿದಳು. ನಾನು ಟೋಪಿಯನ್ನು ಮನೆಯಲ್ಲೇ ಬಿಟ್ಟಿದ್ದೆ. ಶೇಖರಮ್ಮ ನನ್ನ ಬರಿತಲೆಯನ್ನು ಓರೆಗಣ್ಣಿಂದ ನೋಡಿದಳು.

“ಟೋಪಿ ಯಾಕ ಬಿಟ್ರಿ? ಛಲೋ ಕಾಣ್ತಿತ್ತು.”

ಗುಡಿಯ ಶಾಸನದ ಕಲ್ಲನ್ನು ಅವಳು ಓದಲು ನೋಡಿ, ಒಂದಕ್ಷರವೂ ತಿಳಿಯದೆ ಸೋತಳು. ಆ ಕಲ್ಲಿನ ಮುಂದೆ ಮಾತ್ರ ನಾವಿಬ್ಬರೂ ಸರಿಸಮ. ಕನ್ನಡ ಅಕ್ಷರ ಯಾವುದೂ ನನಗೆ ಬಾರದೆಂದು ಆವತ್ತೇ ಹೇಳಬಹುದಿತ್ತು, ಹೇಳಲಿಲ್ಲ.

ನಾಲ್ಕನೆಯ ಸೋಮವಾರ ಅವಳು ನಗಲಿಲ್ಲ. ಅತ್ತೆ ಆಚೆ ಕೂತು ಬತ್ತಿ ಹೊಸೆಯುತ್ತಿದ್ದಾಗ ನನ್ನ ಕೈಗೊಂದು ಚೀಟಿ ತುರುಕಿದಳು.

“ಇಲ್ಲೇ ಓದ್ರಿ. ಅದರಾಗ ಹೆಂಗ ಬರದೀನೋ ಹಂಗ ಮಾಡ್ರಿ,” ಎಂದಳು.

ಬಿಚ್ಚಿದೆ. ದುಂಡು ದುಂಡು ಅಕ್ಷರಗಳು, ಒಂದೂ ನನ್ನ ಪರಿಚಯದ್ದಲ್ಲ. ‘ನನಗೆ ಓದಲು ಬರುವುದಿಲ್ಲ’ ಎಂಬುದು ಎಷ್ಟು ಸಣ್ಣ ಮಾತು. ಮುಲ್ಕಿ ಪಾಸಾದ ಗದಗಿನ ಹುಡುಗಿಯ ಮುಂದೆ ಅದು ಗಂಟಲು ದಾಟಲಿಲ್ಲ. ಓದುವವನ ಹಾಗೆ ಕಣ್ಣಾಡಿಸಿದೆ. ಅದೂ ಉರ್ದುವಿನ ರೂಢಿಯಲ್ಲಿ ಬಲದಿಂದ ಎಡಕ್ಕೆ. ಅವಳಿಗೆ ತಿಳಿದುಬಿಡುತ್ತದೆಂದು ಬೆವತೆ. ಆದರೆ ಅವಳು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದಳು.

“ಭಾಳ ಛಲೋ ಬರದೀರಿ,” ಎಂದೆ. ಏನು ಮಾಡಬೇಕೆಂಬುದನ್ನು ಆಮೇಲೆ ತಿಳಿದರಾಯಿತೆಂದು ನಾಲ್ಕು ಮಡಿಕೆ ಮಡಚಿ, ಎದೆಗೆ ಹತ್ತಿರವಿರಲೆಂದು ಶೇರವಾನಿಯ ಎಡಗಿಸೆಯಲ್ಲಿಟ್ಟುಕೊಂಡೆ.

ಅವಳು ನನ್ನ ಕಿಸೆಯನ್ನೇ ನೋಡಿದಳು. “ಆತ್ರಿ,” ಎಂದು ಅತ್ತೆಯನ್ನು ಎಬ್ಬಿಸಿಕೊಂಡು ಹೋದಳು. ನಾಚಿಕೆ ಎಂದುಕೊಂಡೆ.

ಮರುವಾರ ಗುಡಿಗೆ ಬರಲೇ ಇಲ್ಲ. ಪರರ ಕೈಗೆ ಕೊಟ್ಟು ಓದಿಸುವ ಚೀಟಿಯೇ ಅದು? ಕೊಪ್ಪಳದ ಪಕ್ಕದ ಭಾಗ್ಯನಗರದ ಅಂಗಡಿಯಲ್ಲಿ ಬಾಲಬೋಧೆ ಕೊಂಡು, ಬಾಗಿಲು ಹಾಕಿಕೊಂಡು ಅ, ಆ ಕಲಿತೆ. ಕಾರಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ನಾನು ಪೂರ್ತಿ ಓದಿದ ಮೊದಲ ಕನ್ನಡ ಅದು.

‘ಗದಗಿನಲ್ಲಿ ನನಗೆ ವರ ನೋಡಿದ್ದಾರೆ. ನನ್ನ ಮನಸ್ಸು ನಿಮ್ಮಲ್ಲಿದೆ. ನೀವು ಹೆಣ್ಣು ಕೇಳಲು ಬರುವುದಾದರೆ ಈ ಚೀಟಿಯನ್ನು ನನ್ನ ಕೈಗೇ ತಿರುಗಿ ಕೊಡಿರಿ, ಅತ್ತೆಗೆ ಇಂದೇ ಹೇಳುತ್ತೇನೆ. ಬೇಡವಾದರೆ ಮಡಚಿ ಕಿಸೆಯಲ್ಲಿಟ್ಟುಕೊಳ್ಳಿರಿ. ನಾನು ಏನೂ ಕೇಳುವುದಿಲ್ಲ.’

ಮರುದಿನ ಮೊದಲ ಗಾಡಿಗೇ ಹೋದೆ. ಶಿವಬಸಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಲಗ್ನವಾಗಿ ಹದಿನೈದು ದಿನವಾಯಿತೆಂದಳು. ನಾನು ಒಲ್ಲೆನೆಂದದ್ದಕ್ಕೆ ಹುಡುಗಿ ಮೂರು ದಿನ ಊಟ ಮಾಡಲಿಲ್ಲವೆಂದಳು.

“ನನಗ ಓದಾಕ ಬರ್ತಿದ್ದಿಲ್ರಿ,” ಎಂದೆ. ಕೊನೆಗೂ ಬಾಯಿಂದ ಬಂತು.

ಮುದುಕಿ ಸರಿದು ಕಟ್ಟೆಯ ಮೇಲೆ ನನಗೆ ಜಾಗ ಮಾಡಿದಳು.

“ನನಗೂ ಬರೂದಿಲ್ಲಪಾ. ಊರಿಂದ ಕಾಗದ ಬಂದ್ರ ಅಕೀನ ಓದಿ ಹೇಳ್ತಿದ್ಲು. ಬರೂದಿಲ್ಲ ಅಂದಿದ್ರ ನಿನಗೂ ಓದಿ ಹೇಳ್ತಿದ್ಲು.”