ಓಲ್ಡ್ ಟೌನಿನ ಕಂಚಿನ ಬಟ್ಟಲು

ನನ್ನ ಹೆಂಡತಿ ಸುಮನಾಳಿಗೆ ಒಂದು ಹುಚ್ಚು. ಹಳೆಯ ಕಂಚಿನ ಬಟ್ಟಲುಗಳ ಅಂಚನ್ನು ಮರದ ಕೋಲಿನಿಂದ ಉಜ್ಜಿ ನಾದ ಹೊರಡಿಸಿ, ಅದರಿಂದ ಹೊಸ ಬಗೆಯ ಸಂಗೀತ ಕಟ್ಟುತ್ತಾಳೆ. ಹೋದ ವರ್ಷ ಭದ್ರಾವತಿಯ ಓಲ್ಡ್ ಟೌನಿನ ಗುಜರಿ ಅಂಗಡಿಯಲ್ಲಿ ಅಂಥದೊಂದು ಬಟ್ಟಲು ಸಿಕ್ಕಿತು. ಮರುದಿನ ಮಧ್ಯಾಹ್ನ ಶಿವಮೊಗ್ಗದ ನಮ್ಮ ಮನೆಯಲ್ಲಿ ರೆಕಾರ್ಡಿಂಗಿಗೆ ಕೂತೆವು.

ಅವಳು ನುಡಿಸಿ ಕೋಲು ಕೆಳಗಿಟ್ಟಳು. ನಾದ ಮುಂದುವರಿಯಿತು.

"ರೀ, ಇದು ನಿಲ್ತಾನೇ ಇಲ್ಲ. ಮುಟ್ಟಿ ನೋಡಿ, ಐಸ್ ಥರ ಕೊರೀತಿದೆ."

"ಅಂಗೈಲಿ ಒತ್ತಿ ಹಿಡಿ ಮಾರಾಯ್ತಿ," ಎಂದೆ.

ಒತ್ತಿದರೂ ನಿಲ್ಲಲಿಲ್ಲ. ಬಕೆಟ್ಟಿನಲ್ಲಿ ಮುಳುಗಿಸಿದೆ. ನೀರು ಒಂದಿಷ್ಟೂ ಅಲುಗದೆ ನಾದ ಮಾತ್ರ ಕೇಳುತ್ತಲೇ ಇತ್ತು. ಸುಮನಾ ಗಾಬರಿಯಿಂದ ಅದನ್ನೆತ್ತಿ ಎದೆಗೆ ಅವಚಿಕೊಂಡಳು. ಬಟ್ಟಲು ತಟ್ಟನೆ ಸುಮ್ಮನಾಯಿತು. ಅದೇ ನಾದ ಅವಳ ಮುಚ್ಚಿದ ಬಾಯೊಳಗಿಂದ ಬಂತು.

"ತಮಾಷೆ ಸಾಕು ಕಣೇ," ಎಂದೆ. ಕಣ್ಣೀರು ಸುರಿಸುತ್ತ ಅವಳು ಇಲ್ಲವೆಂದು ತಲೆಯಾಡಿಸಿದಳು.

ಗಂಟಲಲ್ಲಿ ಏನೂ ದೋಷವಿಲ್ಲವೆಂದರು ಡಾಕ್ಟರು. ಬಟ್ಟಲನ್ನು ಭದ್ರಾ ನದಿಗೆ ಎಸೆದು ಬಂದೆ. ಏನೂ ಬದಲಾಗಲಿಲ್ಲ. ಈಗ ದಿನವೂ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರುತ್ತೇನೆ, ಇನ್ನೇನೂ ಮಾಡಲು ತೋಚುವುದಿಲ್ಲ. ಅವಳು ಉಸಿರು ಒಳಗೆಳೆದುಕೊಳ್ಳುವಾಗಲೂ ಆ ನಾದ ನಿಲ್ಲುವುದಿಲ್ಲ.