ಹೊಲಿದಿಟ್ಟ ಚೀಲ

1999ನೇ ಇಸವಿ ಆಗಸ್ಟ್ 18, ಬೆಳಗ್ಗೆ ಹತ್ತೂಕಾಲಿಗೆ ಕೊಂಡ್ಲಹಳ್ಳಿ ಪಂಚಾಯಿತಿ ಕಾರ್ಯದರ್ಶಿ ಮುರುಗೇಂದ್ರಪ್ಪ ಮೊಳಕಾಲ್ಮೂರು ಠಾಣೆಗೆ ಬಂದು ದೂರು ಕೊಟ್ಟರು. ಪಂಚಾಯಿತಿ ಕಚೇರಿಯ ಕೋಣೆಯಲ್ಲಿಟ್ಟಿದ್ದ, ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನಲ್ಲಿ ಒಂದು ಕೆಜಿಯಷ್ಟು ಕಳುವಾಗಿದೆ. ಅದೇ ಕೋಣೆಯಲ್ಲಿದ್ದ ಕೇರಂ ಬೋರ್ಡಿನ ಬೋರಿಕ್ ಪೌಡರ್ ಡಬ್ಬಿಯೂ ಇಲ್ಲ. ಸಬ್‌ಇನ್ಸ್‌ಪೆಕ್ಟರ್ ಅಮರೇಶ್‌ಗೆ ನಗು ಬಂತು. ಆದರೆ ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೆ ಮುರುಗೇಂದ್ರಪ್ಪ ಕುರ್ಚಿ ಬಿಡುವ ಆಸಾಮಿಯಲ್ಲ.

ಹನ್ನೆರಡಕ್ಕೆ ಪಂಚನಾಮೆ. ಬಾಗಿಲಿಗೆ ಬೀಗವೇ ಇರಲಿಲ್ಲ. ಬಾಯಿ ತೆರೆದ ಹಳೆಯ ಚೀಲ ಎದುರಿಗೇ ಇದ್ದರೂ ಕಳ್ಳ ಮುಟ್ಟಿರಲಿಲ್ಲ. ಹಿಂದಿದ್ದ ಹೊಸ ಚೀಲದ ಹೊಲಿಗೆ ಬಿಚ್ಚಿ, ಬೇಕಾದಷ್ಟು ತೆಗೆದುಕೊಂಡು, ಕಪ್ಪು ದಾರದಲ್ಲಿ ಒತ್ತೊತ್ತಾಗಿ ಮತ್ತೆ ಹೊಲಿದು ಹೋಗಿದ್ದ. ಇಷ್ಟು ಮರ್ಯಾದಸ್ಥ ಕಳ್ಳನನ್ನು ಅಮರೇಶ್ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಒಳಗೊಳಗೇ ಇಷ್ಟವೂ ಆಯಿತು.

ಎರಡೂ ಪುಡಿ ಒಟ್ಟಿಗೆ ಯಾರಿಗೆ ಬೇಕು? ಅಮರೇಶ್ ಕೇಳಿದ ಕೂಡಲೇ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ್ ಹೇಳಿದರು: ಯೂಸಾಲ್, ಹುಣ್ಣು ತೊಳೆಯುವ ಹಳೇ ಕಾಲದ ನೀರು. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕೀವಿನ ಕ್ರಿಮಿಗಳನ್ನು ಕೊಲ್ಲುತ್ತದೆ, ಆದರೆ ಅದರಲ್ಲಿರುವ ಸುಣ್ಣ ಚರ್ಮವನ್ನೂ ಸುಡುತ್ತದೆ. ಬೋರಿಕ್ ಸೇರಿದರೆ ಸುಣ್ಣದ ಕಾವು ತಗ್ಗಿ ಕ್ಲೋರಿನ್ ಚುರುಕಾಗುತ್ತದೆ. ತೆರೆದಿಟ್ಟ ಪುಡಿಯಿಂದ ಕ್ಲೋರಿನ್ ಹಾರಿಹೋಗುವುದರಿಂದ ಅದು ಉಪಯೋಗಕ್ಕಿಲ್ಲ. ಕಲಸಿದ ನೀರನ್ನೂ ಆಗಾಗ ಹೊಸದಾಗಿ ಮಾಡಬೇಕು. ಈಗ ಅದನ್ನು ಮಾಡಿದರೆ ರಿಟೈರಾದ ಆಯಾ ನಾಗಕ್ಕ ಮಾಡಬೇಕು ಎಂದರು. ಅವಳ ಊರು ಕೊಂಡ್ಲಹಳ್ಳಿಯೇ.

ಸಂಜೆ ನಾಲ್ಕಕ್ಕೆ ಅಮರೇಶ್ ಮಹಿಳಾ ಪೇದೆ ಶೈಲಜಾ ಜೊತೆ ಹೋದಾಗ ನಾಗಕ್ಕ ಕುರಿ ಕಾಯುವ ಚಿಕ್ಕೀರಪ್ಪನ ಮನೆಯಲ್ಲಿದ್ದಳು. ಬಾಗಿಲಲ್ಲೇ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಚಿಕ್ಕೀರಪ್ಪನ ಪಾದ ಕೊಳೆತಿತ್ತು; ಸೋಮವಾರದೊಳಗೆ ಹುಣ್ಣು ಮಾಯುವ ಲಕ್ಷಣ ಕಾಣದಿದ್ದರೆ ಮೊಣಕಾಲ ಕೆಳಗೆ ಕೊಯ್ಯಬೇಕೆಂದು ಡಾಕ್ಟರು ಹೇಳಿದ್ದರು. ಪೊಲೀಸರನ್ನು ಕಂಡದ್ದೇ ಚಿಕ್ಕೀರಪ್ಪ, ಕದ್ದವನು ತಾನೇ ಎಂದುಬಿಟ್ಟ. ಎದ್ದು ನಿಲ್ಲಲಾರದವನು ಹೇಗೆ ಕದ್ದೆ ಎಂದರೆ ನಾಗಕ್ಕನ ಕಡೆ ನೋಡಿದ.

"ಅವನ ಮಾತು ಬಿಡ್ರಿ. ತಗಂಡಿದ್ದು ನಾನು," ಎಂದಳು ನಾಗಕ್ಕ.

"ಕೇಳಿದ್ರೆ ಕೊಡ್ತಿರಲಿಲ್ವೇನಮ್ಮ?" ಎಂದ ಅಮರೇಶ್.

"ಕೇಳಿದ್ದೆ. ಅರ್ಜಿ ಕೊಡು, ಮೀಟಿಂಗಿಗೆ ಇಡ್ತೀನಿ ಅಂದ್ರು ಸೆಕ್ರೆಟ್ರಿ. ಹುಣ್ಣು ಮೀಟಿಂಗಿಗೆ ಕಾಯ್ತೈತೇನ್ರಿ?"

ಅವಳು ಚಿಕ್ಕೀರಪ್ಪನ ಹುಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಕೀವಿನ ಅಂಚಿನಲ್ಲಿ ಕೆಂಪು ಮಾಂಸ ಚಿಗುರುತ್ತಿತ್ತು. ಅಮರೇಶ್‌ಗೆ ಆ ಮುದುಕಿಯ ಮೇಲೆ ಅಕ್ಕರೆ ಉಕ್ಕಿತು. ಆದರೆ ಎಫ್‌ಐಆರ್ ಆಗಿಹೋಗಿತ್ತು. ತನ್ನನ್ನು ಕರೆದೊಯ್ದರೆ ನಾಳೆ ನೀರು ಕಲಸುವವರು ಯಾರು ಎಂಬುದೊಂದೇ ಅವಳ ಚಿಂತೆ. ಅಮರೇಶ್ ಒಂದು ಗಂಟೆ ಕೊಟ್ಟ. ಅಳತೆ, ಕಲಕುವುದು, ತಿಳಿಯಾಗಲು ಬಿಡುವುದು, ಸೋಸುವುದು ಎಲ್ಲವನ್ನೂ ಶೈಲಜಾ ಪಕ್ಕದಲ್ಲಿ ಕೂತು ಕಲಿತಳು. ಒಂದು ಹಿಡಿ ಪುಡಿಯನ್ನು ಮಾದರಿಗೆಂದು ಜಪ್ತಿ ಮಾಡಿ, ಉಳಿದದ್ದನ್ನು ರೋಗಿಯ ಉಪಯೋಗಕ್ಕೆ ಬಿಡಲಾಗಿದೆ ಎಂದು ಅಮರೇಶ್ ಪಂಚನಾಮೆಯಲ್ಲಿ ಬರೆಸಿದ.

ಐದೂ ನಲವತ್ತಕ್ಕೆ ದಸ್ತಗಿರಿ. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಅಮರೇಶ್, ಚಿಕ್ಕೀರಪ್ಪ ನಿಮಗೇನಾಗಬೇಕು ಎಂದು ನಾಗಕ್ಕನನ್ನು ಕೇಳಿದ.

"ಏನೂ ಆಗಬೇಕಿಲ್ಲ. ಮೂವತ್ತು ವರ್ಷ ಆಪರೇಷನ್ ಕೋಣೇಲಿದ್ದೆ. ಕೊಯ್ದ ಕಾಲು ಬಟ್ಟೇಲಿ ಸುತ್ತಿ ಹೂಳಕ್ಕೆ ಹೊತ್ಕಂಡು ಹೋಗ್ತಿದ್ದೋಳು ನಾನೇ. ಭಾಳ ಭಾರ ಇರ್ತಾವ್ರಿ. ಇನ್ನೂ ಒಂದು ಕಾಲು ಹಂಗೇ ಹೋಗೋದು ನೋಡಕ್ಕೆ ನನ್ನ ಕೈಲಾಗಲಿಲ್ಲ."

ಅಮರೇಶ್ ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಮಾರನೆಯ ದಿನ ಅವಳ ಜಾಮೀನಿನ ಅರ್ಜಿಗೆ ಠಾಣೆಯಿಂದ ತಕರಾರು ಹೋಗಲಿಲ್ಲ. ಆ ಹೊತ್ತಿಗೆ ಶೈಲಜಾ ಕೊಂಡ್ಲಹಳ್ಳಿಯಲ್ಲಿ ಚಿಕ್ಕೀರಪ್ಪನ ಕಾಲು ತೊಳೆಯುತ್ತಿದ್ದಳು.