ಒಬ್ಬರು ಮಾತ್ರ ಹೊರಗೆ ಬರಲಿಲ್ಲ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಕಂಪನಿ ಮಾಲೀಕರ ದೂರು ವಿಚಿತ್ರವಾಗಿತ್ತು. ಕಟ್ಟಡಕ್ಕೆ ಬೆಂಕಿ ಬಿದ್ದರೆ ಜನ ಹೇಗೆ ಹೊರಗೆ ಬರುತ್ತಾರೆಂದು ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ತೋರಿಸುವ ಸಾಫ್ಟ್‌ವೇರ್ ಅವರದು. ಹೊಸ ಹೆರಿಗೆ ಆಸ್ಪತ್ರೆಯೊಂದನ್ನು ಅದರಲ್ಲಿ ಪರೀಕ್ಷಿಸುತ್ತಿದ್ದರು.

“ಎಲ್ಲರೂ ಹೊರಗೆ ಬರ್ತಾರೆ ಸರ್, ಒಬ್ಬರು ಮಾತ್ರ ಬರಲ್ಲ. ಪರೀಕ್ಷೆ ಮುಗಿಯೋದೇ ಇಲ್ಲ. ಶುಕ್ರವಾರ ಆಸ್ಪತ್ರೆ ಉದ್ಘಾಟನೆ. ಅಷ್ಟರಲ್ಲಿ ವರದಿ ಕೊಡದಿದ್ರೆ ನನ್ನ ಕಂಪನಿ ಕತೆ ಮುಗೀತು.”

“ಯಾರ ಕೈವಾಡ ಅಂತೀರಿ?”

“ಒಳಗಿನವರದೇ.”

ಸ್ವಂತ ಮೊಬೈಲಿನ ಅಲಾರಂ ನಿಲ್ಲಿಸಲು ಮಗಳನ್ನು ಕೂಗುವ ನಮ್ಮ ಇನ್ಸ್‌ಪೆಕ್ಟರು ಎಫ್‌ಐಆರ್ ದಾಖಲಿಸಿದರು. ಠಾಣೆಯೆಲ್ಲ ಅಕ್ಕ ಎಂದು ಕರೆಯುವ ಹೆಡ್ ಕಾನ್‌ಸ್ಟೆಬಲರನ್ನು ಕರೆದುಕೊಂಡು ಹೊರಟರು.

ಕಂಪನಿಯ ಕಚೇರಿಯಲ್ಲಿ ಮೂವರು ನೌಕರರಿದ್ದರು: ಪ್ರೋಗ್ರಾಮರ್, ನಕ್ಷೆ ಬಿಡಿಸುವಾಕೆ, ತಪ್ಪು ಹುಡುಕುವ ಪರೀಕ್ಷಕ. ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದುದರಿಂದ ಪರೀಕ್ಷಕನಿಗೆ ಗೊಣಗಪ್ಪ ಎಂದೇ ಹೆಸರು. ಸಾಫ್ಟ್‌ವೇರಿನೊಳಗೆ ಯಾರೋ ಮಾಲೀಕರ ಪಾಸ್‌ವರ್ಡ್ ಬಳಸಿ ಹೋಗಿದ್ದರು, ಏನು ಬದಲಾಯಿಸಿದರೆಂಬ ಗುರುತನ್ನೂ ಅಳಿಸಿದ್ದರು. ಆ ಮಹಾಗುಟ್ಟಿನ ಪಾಸ್‌ವರ್ಡ್ ಮಾಲೀಕರ ಕೀಬೋರ್ಡಿನ ಅಡಿಯಲ್ಲೇ ಚೀಟಿಯಾಗಿ ಅಂಟಿಕೊಂಡಿತ್ತು. ಅದನ್ನೂ ಪಂಚನಾಮೆಗೆ ಸೇರಿಸಲಾಯಿತು.

“ಬಾಗಿಲ ಅಗಲ ನೋಡಿದ್ರಾ?” ಎಂದು ಕೇಳಿದರು ಇನ್ಸ್‌ಪೆಕ್ಟರು.

“ನೋಡಿದ್ವಿ,” ಎಂದ ಪ್ರೋಗ್ರಾಮರ್.

“ಮೆಟ್ಟಿಲು?”

“ಮಹಡಿಗೆ ಸರಿಯಾಗಿ ಕೂಡಿದೆ ಸರ್. ಮೂರು ಸಲ ಹೊಸದಾಗಿ ಬಿಡಿಸಿದೆ,” ಎಂದಳು ನಕ್ಷೆಯಾಕೆ.

“ಓಡಿಸಿ, ನೋಡೋಣ.”

ಪರದೆಯ ಮೇಲೆ ನೂರಾರು ಚುಕ್ಕೆಗಳು ಹಾಸಿಗೆಗಳಿಂದ ಎದ್ದವು. ಕಾರಿಡಾರಿನಲ್ಲಿ ಕಿಕ್ಕಿರಿದವು, ತಿರುವಿನಲ್ಲಿ ತಡವರಿಸಿದವು, ಒಂದಕ್ಕೊಂದು ದಾರಿ ಬಿಟ್ಟು ಇಳಿದವು. ಇಪ್ಪತ್ತು ವರ್ಷ ಜನಜಂಗುಳಿಯ ನಡುವೆ ನಿಂತ ಇನ್ಸ್‌ಪೆಕ್ಟರು ಬಾಯಿ ಬಿಟ್ಟುಕೊಂಡು ನೋಡಿದರು. ಜನ ನಿಜಕ್ಕೂ ಹೀಗೇ ಓಡುತ್ತಾರೆ. ಇಷ್ಟನ್ನು ಒಂದು ಪೆಟ್ಟಿಗೆ ಹೇಗೆ ತಿಳಿದುಕೊಂಡಿತು?

ಅಷ್ಟರಲ್ಲಿ ಮುಂಬಾಗಿಲ ತನಕ ಬಂದಿದ್ದ ಒಂದು ಚುಕ್ಕೆ ಹಿಂತಿರುಗಿತು. ಇಳಿಯುವವರಿಗೆ ಎದುರಾಗಿ ಮೆಟ್ಟಿಲು ಹತ್ತಿ, ಶಿಶುಗಳ ಕೋಣೆಯೊಳಗೆ ತೊಟ್ಟಿಲಿಂದ ತೊಟ್ಟಿಲಿಗೆ ಸುತ್ತತೊಡಗಿತು.

“ದಾರಿ ತಪ್ಪಿದೆ ಸರ್,” ಎಂದ ಪ್ರೋಗ್ರಾಮರ್.

“ತಪ್ಪಿಲ್ಲ,” ಎಂದರು ಅಕ್ಕ. “ಹುಡುಕ್ತಾ ಇದೆ. ಬಸ್ ನಿಲ್ದಾಣದಲ್ಲಿ ನನ್ನ ಮಗ ಕೈತಪ್ಪಿದಾಗ ನಾನೂ ಹೀಗೇ ತಿರುಗಿದ್ದೆ. ನೋಡಿದ ಜಾಗನೇ ಮತ್ತೆ ಮತ್ತೆ ನೋಡೋದು.”

ಪರದೆಯ ಮೇಲೆ ಅವರ ಬೆರಳು ಹಿಂಬಾಗಿಲ ಹೊರಗೆ ಹೋಯಿತು. ಅಲ್ಲಿ ನರ್ಸುಗಳು ತಂದಿಟ್ಟ ಶಿಶುಗಳ ಚಿಕ್ಕ ಚುಕ್ಕೆಗಳಿದ್ದವು. ಅವುಗಳಲ್ಲಿ ಒಂದು ಮಾತ್ರ ಮಿನುಗುತ್ತಿತ್ತು.

ಇನ್ಸ್‌ಪೆಕ್ಟರು ಮೂವರ ಮುಖಗಳನ್ನೂ ನೋಡಿದರು.

“ಮಿನುಗೋದನ್ನ ಅಳಿಸಿಬಿಡಿ. ಹುಡುಕೋಕೆ ಏನೂ ಇಲ್ದಿದ್ರೆ ಆ ಚುಕ್ಕೆ ತಾನಾಗೇ ಹೊರಗೆ ಬರುತ್ತೆ.”

ಪ್ರೋಗ್ರಾಮರ್ ಖುಷಿಯಿಂದಲೇ ಮೌಸಿಗೆ ಕೈ ಹಾಕಿದ. ಗೊಣಗಪ್ಪನ ಕೈ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

“ಅದನ್ನ ಅಳಿಸ್ಬೇಡಿ.”

“ನೀನೇನಾ?”

“ಹೌದು ಸರ್. ತಾಯಿ ಮುಂಬಾಗಿಲಿಂದ, ಮಗು ಹಿಂಬಾಗಿಲಿಂದ ಅಂತ ಆಸ್ಪತ್ರೆಯವರ ಯೋಜನೆ. ಇದು ಬೇಡ ಅಂತ ಮೀಟಿಂಗಲ್ಲಿ ಬಾಯಿ ಬಡ್ಕೊಂಡೆ. ಗೊಣಗಬೇಡ ಅಂದ್ರು. ಅದಕ್ಕೆ ಒಬ್ಬ ತಾಯಿಗೆ ಮಾತ್ರ ಒಂದು ಸೂಚನೆ ಹಾಕಿದೆ, ಮಗು ಕಾಣದಿದ್ರೆ ಹಿಂದೆ ಹೋಗು ಅಂತ. ಎಲ್ಲ ತಾಯಂದಿರಿಗೂ ಹಾಕಿದ್ರೆ ನನ್ನ ಕೈಲಿ ನೋಡೋಕೆ ಆಗ್ತಿರ್ಲಿಲ್ಲ.”

ಮಾಲೀಕರು ನೆಲ ನೋಡಿದರು.

“ತಾಯಿ, ಮಗು ಇಬ್ಬರನ್ನೂ ಒಂದೇ ಬಾಗಿಲಿಂದ ಕರ್ಕೊಂಡು ಬನ್ನಿ,” ಎಂದರು ಇನ್ಸ್‌ಪೆಕ್ಟರು.

ನಕ್ಷೆಯಾಕೆ ದಾರಿಗಳನ್ನು ಬದಲಾಯಿಸಿ ಮತ್ತೆ ಓಡಿಸಿದಳು. ಚಿಕ್ಕ ಚುಕ್ಕೆಗಳು ಮೊದಲು ತಾಯಂದಿರ ಹಾಸಿಗೆಗೆ ಹೋದವು. ಆಮೇಲೆ ಜೊತೆಜೊತೆಯಾಗಿ ಇಳಿದವು. ಹಿಂತಿರುಗಿದ್ದ ಆ ಚುಕ್ಕೆಯೂ ಇಳಿಯಿತು, ಮುಂಬಾಗಿಲಿಗೆ ಬಂತು. ಅದು ತಿರುಗಲಿಲ್ಲ. ಕಟ್ಟಡ ಖಾಲಿಯಾಗಿ ಪರೀಕ್ಷೆ ಮುಗಿಯಿತು. ಅಕ್ಕ ಕಣ್ಣೊರೆಸಿಕೊಂಡರು.

“ದೂರು ವಾಪಸ್ ತಗೋಬಹುದಾ ಸರ್?” ಮಾಲೀಕರ ದನಿ ಇಳಿದಿತ್ತು.

“ಅದನ್ನ ನ್ಯಾಯಾಲಯದಲ್ಲಿ ಕೇಳಿ. ಈ ಹೊಸ ಯೋಜನೆ ಮಾತ್ರ ಇವತ್ತೇ ಆಸ್ಪತ್ರೆಗೆ ಕಳಿಸಿ.”

ಮಧ್ಯಾಹ್ನ ಮೂರೂವರೆಗೆ ಆರೋಪಿಯನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಾ ಇನ್ಸ್‌ಪೆಕ್ಟರು ಕೊನೆಯದಾಗಿ ಕೇಳಿದರು:

“ಆ ಮಿನುಗೋ ಮಗು ಯಾರು?”

“ನಾನೇ ಸರ್. ಹುಟ್ಟಿ ಎರಡನೇ ದಿನ ಆಸ್ಪತ್ರೆಗೆ ಬೆಂಕಿ ಬಿತ್ತು. ನನ್ನನ್ನ ಹಿಂಬಾಗಿಲಿಂದ ಆಗಲೇ ಹೊರಗೆ ತಂದಿದ್ರು. ಅಮ್ಮನಿಗೆ ಯಾರೂ ಹೇಳಿರ್ಲಿಲ್ಲ.”